ಕಾಡುಗಿಡದ ಹೆಸರು ಕೇಳುವ ಮೊದಲು ಅದರ ನೆಲೆ ನೋಡಿ: ಒಂದು ಸಮಗ್ರ ಮಾರ್ಗದರ್ಶಿ

ಕಾಡಿನಲ್ಲೋ ದಾರಿ ಬದಿಯಲ್ಲೋ ಒಂದು ಹೂವು ಕಂಡ ಕೂಡಲೇ ನಾವು ಕೇಳುವುದು "ಇದರ ಹೆಸರೇನು?" ಅಂತ. ಈಗ ಅದಕ್ಕೆ ಉತ್ತರವೂ ಬೇಗ ಸಿಗುತ್ತದೆ. ಫೋನ್ ತೆಗೆದು ಹೂವಿನದೊಂದು ಫೋಟೊ ಹೊಡೆದರೆ ಹೆಸರು ಬಂದೇಬಿಡುತ್ತದೆ. ನಾನೂ ಹಲವು ವರ್ಷ ಹೀಗೇ ಮಾಡಿದೆ. ಒಂದು ದಿನ ಹಳೆಯ ಫೋಟೊಗಳನ್ನೆಲ್ಲ ತೆರೆದು ಕೂತೆ. ಹೂವುಗಳು ನೂರಾರು ಇದ್ದವು. ಆದರೆ ಯಾವ ಗಿಡ ಎಂಥ ನೆಲದಲ್ಲಿ ನಿಂತಿತ್ತು, ಬಿಸಿಲಲ್ಲೋ ನೆರಳಲ್ಲೋ, ನೀರಿನ ಹತ್ತಿರವೋ ಬಂಡೆಯ ಮೇಲೋ, ಒಂದರಲ್ಲೂ ತಿಳಿಯುವಂತಿರಲಿಲ್ಲ. ಎಷ್ಟೋ ಫೋಟೊಗಳಲ್ಲಿ ಎಲೆಯೇ ಇರಲಿಲ್ಲ. ಅವುಗಳಲ್ಲಿ ಅರ್ಧದಷ್ಟನ್ನು ಇವತ್ತಿಗೂ ಗುರುತಿಸಲು ಆಗಿಲ್ಲ. ಅವತ್ತಿನಿಂದ ನಾನು ಕೆಲಸದ ಕ್ರಮವನ್ನೇ ತಿರುಗಿಸಿಕೊಂಡೆ. ಮೊದಲು ಜಾಗ, ಆಮೇಲೆ ಗಿಡ, ಕೊನೆಗೆ ಹೆಸರು. ಆ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಎರಡು ಮಾತುಗಳನ್ನು ಬಿಡಿಸಿಕೊಳ್ಳೋಣ. ಒಂದು ತವರು, ಇನ್ನೊಂದು ನೆಲೆ. ಭೂಮಿಯ ಯಾವ ಭಾಗದಲ್ಲಿ ಒಂದು ಗಿಡ ಮನುಷ್ಯನ ಕೈ ಸೋಕದೆ ತಾನಾಗಿ ಬೆಳೆದು ಬಂದಿದೆಯೋ ಅದು ಅದರ ತವರು. ಆ ತವರಿನೊಳಗೆ ಅದಕ್ಕೆ ಒಗ್ಗುವ ಜಾಗ ಎಂಥದ್ದೋ ಅದು ಅದರ ನೆಲೆ.

ನೊಣ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್ ಗಿಡದ ಚಿತ್ರವನ್ನು ಎಲ್ಲರೂ ನೋಡಿರುತ್ತೇವೆ. ಅದರ ತವರು ಇಡೀ ಜಗತ್ತಿನಲ್ಲಿ ಒಂದೇ ಕಡೆ. ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾ ರಾಜ್ಯಗಳ ಕರಾವಳಿ ಬಯಲು. ಆ ಬಯಲಲ್ಲೂ ಅದು ಎಲ್ಲೆಂದರಲ್ಲಿ ಇರುವುದಿಲ್ಲ. ಒದ್ದೆ ಮರಳು ನೆಲ ಬೇಕು. ಮಣ್ಣು ಹುಳಿ ಇರಬೇಕು. ಸಾರವಂತೂ ಇರಲೇಬಾರದು. ಮೇಲೆ ಪೈನ್ ಮರಗಳು ದೂರ ದೂರ ಇದ್ದು ಬಿಸಿಲು ನೆಲ ಮುಟ್ಟಬೇಕು. ಆಗಾಗ ಬೆಂಕಿಯೂ ಹಾಯಬೇಕು. ಬೆಂಕಿಯನ್ನು ಪೂರ್ತಿ ತಡೆದರೆ ಪೊದೆಗಳು ಎದ್ದು ಮುಚ್ಚಿಕೊಳ್ಳುತ್ತವೆ, ಈ ಪುಟ್ಟ ಗಿಡ ನೆರಳಿನಲ್ಲಿ ಸಾಯುತ್ತದೆ. ಮಣ್ಣಿನಲ್ಲಿ ಸಾರಜನಕ ಸಿಗದಿರುವುದಕ್ಕೇ ಅದು ನೊಣ ಹಿಡಿಯುವುದನ್ನು ಕಲಿತದ್ದು. ಈ ಗಿಡದ ವಿಚಿತ್ರವೆಲ್ಲ ಅದು ನಿಂತ ನೆಲದಿಂದಲೇ ಬಂದಿದೆ, ಅಲ್ವಾ? ಹೆಸರೊಂದನ್ನೇ ತಿಳಿದರೆ ಇದ್ಯಾವುದೂ ತಿಳಿಯುವುದಿಲ್ಲ.

ಹಂತ 1: ಹೊರಡುವ ಮೊದಲು

ಸಾಮಾನು ಜಾಸ್ತಿ ಬೇಡ. ಪುಟ್ಟ ನೋಟ್‌ಬುಕ್ಕು, ಪೆನ್ಸಿಲ್ಲು, 15 ಸೆಂಟಿಮೀಟರಿನ ಅಳತೆಪಟ್ಟಿ, ಫೋನು ಮತ್ತು 10 ಪಟ್ಟು ದೊಡ್ಡದಾಗಿ ತೋರಿಸುವ ಮಡಚುವ ಭೂತಗನ್ನಡಿ. ಪೆನ್ನಿಗಿಂತ ಪೆನ್ಸಿಲ್ಲೇ ವಾಸಿ, ಮಳೆಯಲ್ಲಿ ನೆನೆದರೂ ಬರಹ ಹರಡುವುದಿಲ್ಲ. ಭೂತಗನ್ನಡಿ ಬಳಸುವಾಗ ಅದನ್ನು ಕಣ್ಣಿಗೆ ಅಂಟಿದಷ್ಟು ಹತ್ತಿರ ಹಿಡಿದು, ಎಲೆಯನ್ನು ಅದರ ಹತ್ತಿರಕ್ಕೆ ತನ್ನಿ. ಬಹಳ ಜನ ಕನ್ನಡಿಯನ್ನು ದೂರ ಹಿಡಿದು ಬಗ್ಗಿ ನೋಡುತ್ತಾರೆ. ಹಾಗೆ ಏನೂ ಕಾಣುವುದಿಲ್ಲ.

ಒಂದು ಕೆಲಸವನ್ನು ಮಾತ್ರ ಬಿಡಬೇಡಿ. ಶೂ ತೊಳೆಯಿರಿ. ಅಡಿಯಲ್ಲಿ ಅಂಟಿದ ಮಣ್ಣು, ಬಟ್ಟೆಗೆ ಕಚ್ಚಿದ ಬೀಜ ಎಲ್ಲವನ್ನೂ ತೆಗೆದೇ ಹೊರಡಿ. 1994ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಆಳವಾದ ಕಣಿವೆಯೊಂದರಲ್ಲಿ ವೊಲೆಮಿ ಪೈನ್ ಎಂಬ ಮರ ಪತ್ತೆಯಾಯಿತು. ಅದರ ಹತ್ತಿರದ ನೆಂಟರು ಪಳೆಯುಳಿಕೆಗಳಲ್ಲಷ್ಟೇ ಕಂಡಿದ್ದವು. ಜೀವಂತ ಮರಗಳು ನೂರರ ಲೆಕ್ಕಕ್ಕೂ ಕಡಿಮೆ. ಆ ಜಾಗವನ್ನು ಗುಟ್ಟಾಗಿಟ್ಟರು. ಆದರೂ ಬೇರು ಕೊಳೆಸುವ ಫೈಟಾಫ್ತೊರ ಎಂಬ ರೋಗ ಅಲ್ಲಿಗೂ ಮುಟ್ಟಿತು. ಇಂಥ ರೋಗ ಚಪ್ಪಲಿಯ ಮಣ್ಣಿನಲ್ಲೇ ಊರಿಂದೂರಿಗೆ ಪ್ರಯಾಣ ಮಾಡುತ್ತದೆ. ಗಿಡ ನೋಡಲು ಹೋದ ನಾವೇ ಅದಕ್ಕೆ ಸಾವು ಹೊತ್ತು ಹೋಗಬಾರದು.

ರಕ್ಷಿತ ಅರಣ್ಯವಾದರೆ ಅನುಮತಿ ಪಡೆದೇ ಹೋಗಿ. ಒಬ್ಬರೇ ಹೋಗಬೇಡಿ.

ಹಂತ 2: ಜಾಗವನ್ನು ಓದಿ

ಗಿಡ ಕಂಡಿತು. ಬಗ್ಗುವ ಮೊದಲು ಹತ್ತು ಹೆಜ್ಜೆ ಹಿಂದೆ ಬಂದು ನಿಲ್ಲಿ. ನಿಧಾನವಾಗಿ ಸುತ್ತ ನೋಡಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ಹಂತ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಬೆಳಕು. ತಲೆ ಎತ್ತಿ ನೋಡಿ, ಆಕಾಶ ಎಷ್ಟು ಕಾಣುತ್ತದೆ? ಪೂರ್ತಿ ಬಯಲೋ, ಎಲೆಗಳ ನಡುವೆ ಚುಕ್ಕಿ ಚುಕ್ಕಿಯಾಗಿ ಬೀಳುವ ಬಿಸಿಲೋ, ಇಡೀ ದಿನ ಕತ್ತಲೋ? ಇಳಿಜಾರಿನ ಮೇಲಿದ್ದರೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಬರೆದುಕೊಳ್ಳಿ. ಭೂಮಿಯ ಉತ್ತರಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ತೇವ ಜಾಸ್ತಿ. ದಕ್ಷಿಣಾರ್ಧದಲ್ಲಿ ಇದು ತಿರುಗುಮುರುಗು. ಸಮಭಾಜಕದಿಂದ ದೂರ ಹೋದಷ್ಟೂ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ಎರಡು ಬೇರೆ ಗಿಡಲೋಕ ಇರಬಹುದು.

ಎರಡನೆಯದು ನೀರು. ಈಗ ನೆಲ ಒದ್ದೆಯೋ ಒಣವೋ ಅನ್ನುವುದಷ್ಟೇ ಸಾಲದು. ವರ್ಷವಿಡೀ ಒದ್ದೆಯೋ, ಮಳೆಗಾಲದಲ್ಲಿ ಮಾತ್ರವೋ, ನೀರು ನಿಲ್ಲುತ್ತದೋ ಹರಿದುಹೋಗುತ್ತದೋ? ನೀರಿನ ಗುರುತುಗಳನ್ನು ಹುಡುಕಿ. ಪೊದೆಗಳಲ್ಲಿ ಸಿಕ್ಕಿಕೊಂಡ ಕಸ ಪ್ರವಾಹ ಎಷ್ಟು ಎತ್ತರಕ್ಕೆ ಬಂದಿತ್ತು ಅಂತ ಹೇಳುತ್ತದೆ. ಒಣಗಿ ಬಿರುಕು ಬಿಟ್ಟ ನೆಲ ಅಲ್ಲಿ ನೀರು ನಿಂತು ಬತ್ತಿತ್ತು ಅಂತ ಹೇಳುತ್ತದೆ. ಕಾಂಡ್ಲ ಗಿಡಗಳ ಊರುಗೋಲಿನಂಥ ಬೇರುಗಳು, ಕೆಸರಿನಿಂದ ಪೆನ್ಸಿಲ್ಲಿನ ಹಾಗೆ ಮೇಲೆದ್ದ ಉಸಿರುಬೇರುಗಳು ಅಲ್ಲಿನ ಮಣ್ಣಿನಲ್ಲಿ ಗಾಳಿಯೇ ಇಲ್ಲ ಅಂತ ಸಾರಿ ಹೇಳುತ್ತವೆ. ಬೇರು ಉಸಿರಾಡಲು ಮೇಲಕ್ಕೆ ಬರಬೇಕಾಗಿದೆ. ಹೀಗೆ ಗಿಡದ ಮೈಯೇ ಜಾಗದ ಬಗ್ಗೆ ಸಾಕ್ಷಿ ಕೊಡುತ್ತದೆ.

ಮೂರನೆಯದು ಮಣ್ಣು. ಒಂದು ಚಿಟಿಕೆ ತೆಗೆದು ನೀರು ಹಾಕಿ ಬೆರಳುಗಳ ನಡುವೆ ಉಜ್ಜಿ. ಚುರುಚುರು ಅಂದರೆ ಮರಳು. ಹಿಟ್ಟಿನ ಹಾಗೆ ನಯವಾಗಿದ್ದರೆ ಮೆಕ್ಕಲಿನ ನುಣ್ಣನೆ ಕಣ. ಅಂಟಿಕೊಂಡು, ಹೆಬ್ಬೆರಳಿನಿಂದ ಒತ್ತಿದಾಗ ಉದ್ದ ಪಟ್ಟಿಯ ಹಾಗೆ ಬಂದರೆ ಜೇಡಿ. ಇನ್ನೂ ಖಚಿತವಾಗಿ ಬೇಕೆಂದರೆ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದಲ್ಲೇ ತಳ ಸೇರುತ್ತದೆ. ನುಣ್ಣನೆ ಕಣ ಕೆಲವು ಗಂಟೆ ತಗೊಳ್ಳುತ್ತದೆ. ಜೇಡಿ ಕೂರಲು ಒಂದು ದಿನವೋ ಇನ್ನೂ ಜಾಸ್ತಿಯೋ ಬೇಕು. ಪದರಗಳನ್ನು ಅಳತೆಪಟ್ಟಿಯಿಂದ ಅಳೆದರೆ ಯಾವುದು ಎಷ್ಟಿದೆ ಅಂತ ಗೊತ್ತಾಗುತ್ತದೆ.

ಅಡಿಯ ಕಲ್ಲು ಯಾವುದು ಅನ್ನುವುದೂ ಮುಖ್ಯ. ಸರ್ಪೆಂಟೈನ್ ಎಂಬ ಕಲ್ಲಿನಿಂದಾದ ಮಣ್ಣಿನಲ್ಲಿ ನಿಕಲ್ ಥರದ ಲೋಹಗಳು ಜಾಸ್ತಿ, ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ ಕಡಿಮೆ. ಸಾಮಾನ್ಯ ಗಿಡಗಳಿಗೆ ಅದು ವಿಷ. ಆದರೆ ನ್ಯೂ ಕ್ಯಾಲಿಡೋನಿಯಾ ದ್ವೀಪದ ಪಿಕ್ನಾಂಡ್ರ ಅಕ್ಯುಮಿನೇಟ ಎಂಬ ಮರ ಅಲ್ಲೇ ಬೆಳೆಯುತ್ತದೆ. ಎಷ್ಟು ನಿಕಲ್ ಹೀರಿಕೊಳ್ಳುತ್ತದೆ ಅಂದರೆ, ತೊಗಟೆ ಗೀರಿದರೆ ನೀಲಿಹಸಿರು ಹಾಲು ಬರುತ್ತದೆ!

ನಾಲ್ಕನೆಯದು ಎತ್ತರ. ಪ್ರತಿ 1000 ಮೀಟರ್ ಏರಿದಾಗ ಗಾಳಿ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾಗುತ್ತದೆ. 1802ರಲ್ಲಿ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ತನ್ನ ಗೆಳೆಯ ಬಾನ್‌ಪ್ಲಾನ್ ಜೊತೆ ಈಕ್ವೆಡಾರಿನ ಚಿಂಬೊರಾಸೊ ಪರ್ವತವನ್ನು ಬಹುಪಾಲು ಹತ್ತಿದ. ಆಮೇಲೆ ಪರ್ವತದ ಒಂದು ದೊಡ್ಡ ಚಿತ್ರ ಬರೆಸಿ, ಯಾವ ಗಿಡ ಯಾವ ಎತ್ತರದಲ್ಲಿ ಬೆಳೆಯುತ್ತದೆಯೋ ಅದೇ ಎತ್ತರದಲ್ಲಿ ಅದರ ಹೆಸರು ಬರೆದ. ಒಂದೇ ಹಾಳೆಯಲ್ಲಿ ತಪ್ಪಲಿನ ತಾಳೆಗಳಿಂದ ಹಿಮದಂಚಿನ ಕಲ್ಲುಹೂವಿನ ತನಕ. ನೀವೂ ಫೋನಿನಲ್ಲಿ ಎತ್ತರ ನೋಡಿ ಒಂದು ಅಂಕಿ ಬರೆದಿಡಿ. ಇಷ್ಟಕ್ಕೆ ಹತ್ತು ಸೆಕೆಂಡು ಸಾಕು.

ಐದನೆಯದು ಕದಡಿಕೆ. ಇದನ್ನು ಬರೆಯುವುದನ್ನೇ ಜನ ಮರೆಯುತ್ತಾರೆ. ಈ ಜಾಗ ಸುಮ್ನೆ ಇದೆಯೋ, ಯಾರೋ ಅಥವಾ ಯಾವುದೋ ಕದಡಿದೆಯೋ? ರಸ್ತೆ ಅಗೆದ ಮಣ್ಣೇ? ದನ ಮೇಯ್ದಿವೆಯೇ? ಬೆಂಕಿ ಬಿದ್ದ ಕರಿ ಕಾಂಡದ ಮೇಲೆ ಕಾಣುತ್ತದೆಯೇ? ಭೂಕುಸಿತ ಆಗಿದೆಯೇ? ಕದಡಿದ್ದೆಲ್ಲ ಕೆಟ್ಟದ್ದು ಅಂತ ತಿಳಿಯಬೇಡಿ. ಪ್ರತಿ ವರ್ಷ ಪ್ರವಾಹ ತೊಳೆದು ಹೋಗುವ ಹೊಳೆಯ ಮರಳುದಿಬ್ಬವೇ ಕೆಲವು ಗಿಡಗಳಿಗೆ ನಿಜವಾದ ನೆಲೆ.

ಇಲ್ಲೇ ಇನ್ನೊಂದು ಮಾತು ಹೇಳಲೇಬೇಕು. ಮರ ಇಲ್ಲದ ಜಾಗವನ್ನೆಲ್ಲ ಬರಡು, ಪಾಳು ಅಂತ ಕರೆಯುವ ಅಭ್ಯಾಸ ನಮಗಿದೆ. ಇದರಿಂದ ಆದ ನಷ್ಟ ದೊಡ್ಡದು. ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲು ನೀಲಕುರಿಂಜಿಯ ನೆಲೆ. 12 ವರ್ಷಕ್ಕೊಮ್ಮೆ ಎಲ್ಲ ಗಿಡಗಳೂ ಒಟ್ಟಿಗೆ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. 2006ರಲ್ಲಿ ಹೂವಾಯಿತು, ಮತ್ತೆ 2018ರಲ್ಲಿ. ಅಂಥ ಹುಲ್ಲುಗಾವಲುಗಳಲ್ಲಿ ಆಸ್ಟ್ರೇಲಿಯಾದ ನೀಲಗಿರಿ ಮತ್ತು ವಾಟಲ್ ಮರಗಳನ್ನು ಹಿಂದೆ ದೊಡ್ಡದಾಗಿ ನೆಟ್ಟರು. ನೆರಳು ಬಿದ್ದ ಕಡೆ ಕುರಿಂಜಿಗೆ ಉಳಿವಿಲ್ಲ. ಮರ ನೆಡುವುದು ಒಳ್ಳೆಯದು ಅನ್ನುವ ಮಾತು ಎಲ್ಲ ಜಾಗಕ್ಕೂ ಹೊಂದುವುದಿಲ್ಲ. ಹುಲ್ಲು, ಬಂಡೆ, ಜೌಗು, ಮರಳು ಇವೂ ಪೂರ್ತಿ ಬೆಳೆದ ನೆಲೆಗಳೇ. ಇವುಗಳಿಗೆ ಏನೂ ಕೊರತೆ ಇಲ್ಲ.

ಹಂತ 3: ಗಿಡವನ್ನು ಬುಡದಿಂದ ತುದಿಗೆ ನೋಡಿ

ಈಗ ಬಗ್ಗಿ. ಹೂವಿನ ಕಡೆ ಕಣ್ಣು ಎಳೆಯುತ್ತದೆ, ತಡೆದುಕೊಳ್ಳಿ. ಬುಡದಿಂದ ಶುರು ಮಾಡಿ.

ಮೂಲಿಕೆಯೋ, ಪೊದೆಯೋ, ಮರವೋ, ಬಳ್ಳಿಯೋ? ಬಳ್ಳಿಯಾದರೆ ಹೇಗೆ ಹತ್ತುತ್ತದೆ? ಸುತ್ತಿಕೊಂಡೋ, ಕುಡಿಬಳ್ಳಿಯಿಂದಲೋ, ಮುಳ್ಳಿನಿಂದಲೋ, ಅಂಟುಬೇರಿನಿಂದಲೋ? ಕಾಂಡ ಗುಂಡಗಿದೆಯೋ, ಚೌಕವೋ, ಮೂರು ಮೂಲೆಯೋ? ಬೆರಳಲ್ಲಿ ಉರುಳಿಸಿದರೆ ತಿಳಿಯುತ್ತದೆ. ಎಲೆ ಕಿತ್ತಾಗ ಹಾಲು ಬರುತ್ತದೆಯೇ? ಹಾಲು ಬಂದರೆ ಕಣ್ಣು ಬಾಯಿಗೆ ತಾಗದಂತೆ ಕೂಡಲೇ ಕೈ ಒರೆಸಿಕೊಳ್ಳಿ. ಗುರುತಿಲ್ಲದ ಗಿಡದ ರಸವನ್ನು ಮೈಗೆ ತಾಗಿಸುವುದು ಒಳ್ಳೆಯದಲ್ಲ. ಕಾಕಸಸ್ ತವರಿನ ಜಯಂಟ್ ಹಾಗ್‌ವೀಡ್ ಗಿಡದ ರಸ ಚರ್ಮಕ್ಕೆ ಸೋಕಿ ಬಿಸಿಲು ಬಿದ್ದರೆ ಸುಟ್ಟ ಗಾಯದಂಥ ಬೊಬ್ಬೆ ಏಳುತ್ತದೆ.

ಎಲೆಗೆ ಬನ್ನಿ. ಒಂದು ಗಿಣ್ಣಿನಲ್ಲಿ ಒಂದೇ ಎಲೆಯೋ, ಎದುರುಬದುರು ಎರಡೋ, ಸುತ್ತ ಮೂರು ನಾಲ್ಕೋ? ಈ ಒಂದು ಪ್ರಶ್ನೆಯಿಂದಲೇ ನೂರಾರು ಗಿಡಗಳು ಪಟ್ಟಿಯಿಂದ ಹೊರಹೋಗುತ್ತವೆ. ಆಮೇಲೆ ಎಲೆ ಬಿಡಿಯೋ, ಸಂಯುಕ್ತವೋ (ಅಂದರೆ ಹಲವು ಕಿರುಎಲೆಗಳು ಸೇರಿ ಆದ ಒಂದು ಎಲೆಯೋ) ನೋಡಿ. ಹೊಸಬರು ಇಲ್ಲಿ ತಡವರಿಸುತ್ತಾರೆ. ಬೇವಿನ ಕಡ್ಡಿಯಲ್ಲಿರುವುದು ಹಲವು ಎಲೆಗಳೋ ಒಂದೇ ಎಲೆಯ ತುಂಡುಗಳೋ? ಇದಕ್ಕೊಂದು ನಂಬಬಹುದಾದ ಗುರುತು ಇದೆ. ಪೂರ್ತಿ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಂಕುಳಲ್ಲಿ ಒಂದು ಪುಟ್ಟ ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಮೊಗ್ಗು ಎಲ್ಲಿದೆ ಹುಡುಕಿ, ಎಲೆ ಎಲ್ಲಿಂದ ಶುರುವಾಯಿತು ಅಂತ ಗೊತ್ತಾಗುತ್ತದೆ.

ಎಲೆಯ ಮೈಯೂ ನೆಲೆಯ ಕಥೆ ಹೇಳುತ್ತದೆ. ಎಕ್ಕದ ಎಲೆ ಮುಟ್ಟಿ ನೋಡಿ. ದಪ್ಪ, ಮೇಲೆ ಬಿಳಿ ಪುಡಿಯಂಥ ಮೇಣ. ಉರಿಬಿಸಿಲಿನ ಒಣ ಜಾಗದಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಏರ್ಪಾಡು ಅದು. ದಟ್ಟ ಮಳೆಕಾಡಿನ ನೆರಳಿನ ಗಿಡಗಳಲ್ಲಿ ಎಲೆ ಅಗಲ, ತೆಳು, ತುದಿ ಮೂಗಿನ ಹಾಗೆ ಉದ್ದ. ನೀರು ಅಲ್ಲಿಂದ ಜಾರಿ ತೊಟ್ಟಿಕ್ಕುತ್ತದೆ.

ಕೊನೆಗೆ ಹೂವು. ಎಸಳು ಎಷ್ಟು, ಬಿಡಿಯೋ ಕೂಡಿಕೊಂಡಿವೆಯೋ, ಕೇಸರ ಎಷ್ಟು, ಅರ್ಧಕ್ಕೆ ಕತ್ತರಿಸಿದರೆ ಎಷ್ಟು ಕೋನದಿಂದ ಸಮ ಭಾಗ ಆಗುತ್ತದೆ? ಬಣ್ಣಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಒಂದೇ ಜಾತಿಯಲ್ಲಿ ಬಿಳಿಯೂ ನೇರಳೆಯೂ ಇರಬಹುದು. ಎಸಳಿನ ಲೆಕ್ಕ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಹಂತ 4: ಫೋಟೊ ತೆಗೆಯುವ ಕ್ರಮ

ಒಂದು ಗಿಡಕ್ಕೆ ಕಡಿಮೆ ಅಂದರೂ ಆರು ಫೋಟೊ. ಗಿಡ ತನ್ನ ಜಾಗದಲ್ಲಿ ನಿಂತಿರುವ ದೂರದ ಚಿತ್ರ. ಇಡೀ ಗಿಡ. ಕಾಂಡಕ್ಕೆ ಎಲೆ ಸೇರುವ ಜಾಗ. ಎಲೆಯ ಮೇಲ್ಮೈ ಮತ್ತು ಅಡಿ. ಹೂವು ಎದುರಿನಿಂದ ಮತ್ತು ಪಕ್ಕದಿಂದ. ಕಾಯಿಯೋ ಬೀಜವೋ ಇದ್ದರೆ ಅದು. ಮರವಾದರೆ ತೊಗಟೆಯದೂ ಬೇಕು. ಅಳತೆಪಟ್ಟಿ ಒಂದರಲ್ಲಾದರೂ ಕಾಣಲಿ. ಹೂವಿನ ಹಿಂಬದಿಯ ಪುಷ್ಪಪಾತ್ರೆಯ (ಎಸಳುಗಳ ಅಡಿಯಲ್ಲಿರುವ ಬಟ್ಟಲಿನಂಥ ಭಾಗದ) ಫೋಟೊವನ್ನು ಯಾರೂ ತೆಗೆಯುವುದಿಲ್ಲ, ಆದರೆ ಹತ್ತಿರದ ಎರಡು ಜಾತಿಗಳನ್ನು ಬೇರ್ಪಡಿಸಲು ಎಷ್ಟೋ ಸಲ ಅದೊಂದೇ ದಾರಿ.

ಹಂತ 5: ಮೊದಲು ಕುಟುಂಬ, ಆಮೇಲೆ ಜಾತಿ

ಜಗತ್ತಿನಲ್ಲಿ ನಾಳಗಳುಳ್ಳ ಗಿಡಗಳೇ ಸುಮಾರು 3.5 ಲಕ್ಷ ಜಾತಿಗಳಿವೆ. ಇವನ್ನೆಲ್ಲ ಯಾರೂ ಬಾಯಿಪಾಠ ಮಾಡಲಾರರು. ಆದರೆ ಏಳೆಂಟು ಕುಟುಂಬಗಳ ಮುಖಚಹರೆ ಕಲಿತರೆ ಎಲ್ಲಿ ಹೋದರೂ ಪರಿಚಯದವರು ಸಿಗುತ್ತಾರೆ.

ಸೂರ್ಯಕಾಂತಿ ಕುಟುಂಬದಲ್ಲಿ ನಾವು ಹೂವು ಅನ್ನುವುದು ಒಂದು ಹೂವಲ್ಲ, ನೂರಾರು ಪುಟ್ಟ ಹೂವುಗಳ ಗುಂಪು. ಅಂಚಿನ ಒಂದೊಂದು ಎಸಳೂ ಒಂದೊಂದು ಹೂವು. ತುಳಸಿ ಕುಟುಂಬದಲ್ಲಿ ಕಾಂಡ ಚೌಕ, ಎಲೆ ಎದುರುಬದುರು, ಹೂವಿಗೆ ಎರಡು ತುಟಿ, ಒಳಗೆ ನಾಲ್ಕು ಪುಟ್ಟ ಬೀಜಕಾಯಿ. ತುಂಬೆ ಕಿತ್ತು ನೋಡಿದರೆ ಎಲ್ಲವೂ ಸಿಗುತ್ತವೆ. ಚೌಕ ಕಾಂಡವೊಂದನ್ನೇ ನಂಬಬೇಡಿ, ಲಂಟಾನದ ಕಾಂಡವೂ ಚೌಕವೇ. ಅದರ ಕುಟುಂಬ ಬೇರೆ. ಹುಲ್ಲಿನ ಹಾಗೆ ಕಾಣುವ ಗಿಡದ ಕಾಂಡವನ್ನು ಬೆರಳಲ್ಲಿ ಉರುಳಿಸಿ. ಗುಂಡಗಿದ್ದು ಗಿಣ್ಣುಗಳಿದ್ದರೆ ಹುಲ್ಲು. ಮೂರು ಮೂಲೆ ಕೈಗೆ ತಾಗಿದರೆ ಕೊನ್ನಾರಿಯ ಬಳಗ. ದಾಸವಾಳದ ಬಳಗದಲ್ಲಿ ಕೇಸರಗಳೆಲ್ಲ ಕೂಡಿ ಒಂದು ಕೊಳವೆಯಾಗಿರುತ್ತವೆ.

ಕಳ್ಳಿಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಇಲ್ಲಿ ತವರು ಮತ್ತು ನೆಲೆ ಎರಡೂ ಒಟ್ಟಿಗೆ ಕಾಣುತ್ತವೆ. ಅಮೆರಿಕ ಖಂಡಗಳ ಮರುಭೂಮಿಯಲ್ಲಿ ಕ್ಯಾಕ್ಟಸ್ ಇದೆ. ಆಫ್ರಿಕಾದ ಮರುಭೂಮಿಯಲ್ಲಿ ಅದರಂತೆಯೇ ಎಲೆ ಇಲ್ಲದ, ಉಬ್ಬಿದ, ಮುಳ್ಳಿನ ಯೂಫೋರ್ಬಿಯಾ ಇದೆ. ಇವೆರಡೂ ನೆಂಟರಲ್ಲ. ಒಂದೇ ಥರದ ನೆಲೆ ಎರಡು ಬೇರೆ ಕುಟುಂಬಗಳನ್ನು ಒಂದೇ ರೂಪಕ್ಕೆ ತಂದಿದೆ. ಬೇರ್ಪಡಿಸುವುದು ಹೇಗೆ? ಕ್ಯಾಕ್ಟಸ್‌ನಲ್ಲಿ ಮುಳ್ಳುಗಳು ಹತ್ತಿಯಂಥ ಪುಟ್ಟ ದಿಂಡಿನಿಂದ ಗೊಂಚಲಾಗಿ ಏಳುತ್ತವೆ. ಯೂಫೋರ್ಬಿಯಾದಲ್ಲಿ ಅಂಥ ದಿಂಡು ಇಲ್ಲ, ಗೀರಿದರೆ ಬಿಳಿ ಹಾಲು ಬರುತ್ತದೆ. ರಿಪ್ಸಾಲಿಸ್ ಬ್ಯಾಸಿಫೆರ ಎಂಬ ಒಂದು ಜಾತಿ ಬಿಟ್ಟರೆ ಕ್ಯಾಕ್ಟಸ್‌ಗಳೆಲ್ಲದರ ತವರೂ ಅಮೆರಿಕ ಖಂಡಗಳೇ. ಹಾಗಾಗಿ ಆಫ್ರಿಕಾದಲ್ಲೋ ಏಷ್ಯಾದಲ್ಲೋ ಪಾಪಾಸುಕಳ್ಳಿ ಕಂಡರೆ ಅದನ್ನು ಮನುಷ್ಯನೇ ತಂದದ್ದು ಅಂತ ಧೈರ್ಯವಾಗಿ ಹೇಳಬಹುದು.

ಇನ್ನು ಎಚ್ಚರಿಕೆಯ ಕುಟುಂಬ ಒಂದಿದೆ. ಕೊಡೆಯಂತೆ ಹರಡಿದ ಪುಟ್ಟ ಬಿಳಿ ಹೂವುಗಳ ಕ್ಯಾರೆಟ್ ಕುಟುಂಬ. ಕಾಡು ಕ್ಯಾರೆಟ್ ಮತ್ತು ವಿಷದ ಹೆಮ್ಲಾಕ್ ದೂರದಿಂದ ಅಕ್ಕತಂಗಿಯರ ಹಾಗೆ. ಕಾಡು ಕ್ಯಾರೆಟ್ಟಿನ ಕಾಂಡದ ಮೇಲೆ ರೋಮ ಇರುತ್ತದೆ. ಹೆಮ್ಲಾಕಿನ ಕಾಂಡ ನುಣುಪು, ಅದರ ಮೇಲೆ ನೇರಳೆ ಮಚ್ಚೆಗಳು. ಸಾಕ್ರೆಟಿಸ್‌ಗೆ ಕುಡಿಸಿದ್ದು ಈ ಹೆಮ್ಲಾಕನ್ನೇ. ಈ ಮಾರ್ಗದರ್ಶಿ ಗಿಡ ನೋಡುವುದಕ್ಕೆ, ತಿನ್ನುವುದಕ್ಕಲ್ಲ. ಯಾವ ಕಾಡುಗಿಡವನ್ನೂ ಪುಸ್ತಕ, ಫೋನು, ಫೋಟೊ ನಂಬಿ ಬಾಯಿಗೆ ಹಾಕಬೇಡಿ.

ಹಂತ 6: ಹೆಸರು

ಈಗ ಫೋನಿನ ಆ್ಯಪ್ ತೆರೆಯಬಹುದು. ಆದರೆ ಅದು ಕೊಡುವ ಹೆಸರು ಒಂದು ಸಲಹೆ ಮಾತ್ರ. ಮೂರು ಪ್ರಶ್ನೆ ಕೇಳಿ. ಎಲೆ ಜೋಡಣೆ ಹೊಂದುತ್ತದೆಯೇ? ಆ ಜಾತಿಯ ತವರು ಅಥವಾ ಅದು ಹರಡಿರುವ ಪ್ರದೇಶ ಇದೇ ತಾನೇ? ನಾನು ಬರೆದುಕೊಂಡ ನೆಲೆ ಅದರ ನೆಲೆಗೆ ಕೂಡಿಬರುತ್ತದೆಯೇ? ಜೌಗಿನ ಗಿಡದ ಹೆಸರು ಬಂದಿದೆ, ನೀವು ನಿಂತದ್ದು ಒಣ ಬಂಡೆಯ ಮೇಲೆ ಅಂದರೆ ಹೆಸರು ತಪ್ಪಿರುವ ಸಂಭವವೇ ಹೆಚ್ಚು. ಎರಡನೇ ಹಂತದ ಟಿಪ್ಪಣಿ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ.

ಎರಡು ಪದಗಳ ವೈಜ್ಞಾನಿಕ ಹೆಸರಿಗೆ ಹೆದರಬೇಡಿ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳಿಗೆಲ್ಲ ಹೀಗೆ ಹೆಸರಿಡುವ ಪದ್ಧತಿ ತಂದ. ಅದರಲ್ಲಿ ಎರಡನೇ ಪದ ಎಷ್ಟೋ ಸಲ ನೆಲೆಯನ್ನೇ ಹೇಳುತ್ತದೆ. ಪಲುಸ್ಟ್ರಿಸ್ ಅಂದರೆ ಜೌಗಿನದು. ಆರ್ವೆನ್ಸಿಸ್ ಅಂದರೆ ಹೊಲದ್ದು. ಸಿಲ್ವಾಟಿಕ ಕಾಡಿನದು, ಮ್ಯಾರಿಟಿಮ ಕಡಲಂಚಿನದು, ರುಪೆಸ್ಟ್ರಿಸ್ ಬಂಡೆಯದು. ಇಷ್ಟು ಕಲಿತರೆ ಹೆಸರೇ ಒಂದು ಪುಟ್ಟ ವಿಳಾಸ. ಊರಿನ ಹೆಸರು ಇದ್ದರೆ ಮಾತ್ರ ಸ್ವಲ್ಪ ಅನುಮಾನ ಇರಲಿ. ಸಿಲ್ಲ ಪೆರುವಿಯಾನ ಎಂಬ ನೀಲಿ ಹೂವಿನ ಗಿಡಕ್ಕೂ ಪೆರು ದೇಶಕ್ಕೂ ಸಂಬಂಧವೇ ಇಲ್ಲ. ಅದರ ತವರು ಮೆಡಿಟರೇನಿಯನ್ ಸಮುದ್ರದ ಪಶ್ಚಿಮದ ದಂಡೆ.

ಹಂತ 7: ತವರಿನದೋ ವಲಸೆಯದೋ?

ಹೆಸರು ಸಿಕ್ಕ ಮೇಲೂ ಈ ಪ್ರಶ್ನೆ ಉಳಿಯುತ್ತದೆ. ತಾನಾಗಿ ಬೆಳೆದಿದೆ ಅಂದಮಾತ್ರಕ್ಕೆ ಅಲ್ಲಿನದೇ ಅಂತ ಅಲ್ಲ. ಲಂಟಾನ ಅಮೆರಿಕದ ಉಷ್ಣವಲಯದ್ದು, ಚಂದದ ಹೂವಿಗಾಗಿ ತೋಟಕ್ಕೆ ತಂದರು, ಬೇಲಿ ಹಾರಿ ಕಾಡು ಹೊಕ್ಕಿತು. ನೀರಿನ ಮೇಲೆ ತೇಲುವ ವಾಟರ್ ಹಯಾಸಿಂತ್ ದಕ್ಷಿಣ ಅಮೆರಿಕದ್ದು. ಈಗ ಬಹಳಷ್ಟು ಬಿಸಿ ದೇಶಗಳ ಕೆರೆಗಳನ್ನು ಮುಚ್ಚಿದೆ. ನಮ್ಮ ನುಡಿಯಲ್ಲಿ ಚಂದದ ಹೆಸರಿದೆ ಅನ್ನುವುದೂ ಸಾಕ್ಷಿಯಲ್ಲ. ಮುಟ್ಟಿದರೆ ಮುನಿ ಎಂಬ ಅಷ್ಟು ಮುದ್ದಾದ ಕನ್ನಡ ಹೆಸರಿನ ಗಿಡದ ತವರೂ ಅಮೆರಿಕದ ಉಷ್ಣವಲಯವೇ.

ಸ್ಥಳದಲ್ಲೇ ನೋಡಬಹುದಾದ ಸುಳಿವುಗಳು ಕೆಲವಿವೆ. ಗಿಡ ರಸ್ತೆ, ಕಟ್ಟಡ, ಅಗೆದ ಮಣ್ಣಿನ ಪಕ್ಕದಲ್ಲಷ್ಟೇ ಇದೆಯೋ, ಕದಡದ ಕಾಡಿನೊಳಗೂ ಇದೆಯೋ? ಒಂದೇ ಜಾತಿ ಎಲ್ಲವನ್ನೂ ನುಂಗಿ ನಿಂತಿದೆಯೋ, ಬೇರೆಯವರ ನಡುವೆ ಹಂಚಿಕೊಂಡು ಬೆಳೆದಿದೆಯೋ? ಎಲೆಗಳನ್ನು ಹುಳ ತಿಂದಿವೆಯೋ? ತವರಿನಲ್ಲಿ ಗಿಡಕ್ಕೆ ಹಳೆಯ ವೈರಿಗಳಿರುತ್ತಾರೆ. ಹೊಸ ಊರಿನಲ್ಲಿ ಎಷ್ಟೋ ಸಲ ಇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಪಾಪಾಸುಕಳ್ಳಿ ಅಂಕೆ ಮೀರಿ ಹರಡಿದಾಗ, ಅದರ ತವರಿನ ಕಡೆಯ ಕ್ಯಾಕ್ಟೋಬ್ಲಾಸ್ಟಿಸ್ ಎಂಬ ಪತಂಗವನ್ನು ತಂದು 1926ರಲ್ಲಿ ಬಿಟ್ಟರು. ಅದರ ಮರಿಹುಳುಗಳು ಕೆಲವೇ ವರ್ಷಗಳಲ್ಲಿ ಕಳ್ಳಿಯನ್ನು ಹತೋಟಿಗೆ ತಂದವು. ಆದರೆ ಒಂದು ಜಾಗದಲ್ಲಿ ಸರಿಹೋದ ಉಪಾಯ ಇನ್ನೊಂದು ಕಡೆ ಸರಿಹೋಗುತ್ತದೆ ಅಂತಿಲ್ಲ. ಅದೇ ಪತಂಗ ಈಗ ಅಮೆರಿಕದ ಫ್ಲಾರಿಡಾದಲ್ಲಿ ಅಲ್ಲಿನ ಸ್ವಂತ ಕಳ್ಳಿಗಳನ್ನೇ ತಿನ್ನುತ್ತಿದೆ.

ಸುಳಿವು ನೋಡಿದ ಮೇಲೆ ತಾಳೆ ನೋಡಬೇಕು. ಬ್ರಿಟನ್ನಿನ ಕ್ಯೂ ಸಸ್ಯೋದ್ಯಾನದವರು ನಡೆಸುವ 'ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್' ಎಂಬ ತಾಣದಲ್ಲಿ ವೈಜ್ಞಾನಿಕ ಹೆಸರು ಹಾಕಿದರೆ ನಕಾಶೆ ಬರುತ್ತದೆ. ಹಸಿರು ಬಣ್ಣ ಇರುವುದು ತವರು, ನೇರಳೆ ಇರುವುದು ಮನುಷ್ಯನಿಂದ ತಲುಪಿದ ಜಾಗ. ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು.

ಹಂತ 8: ಬರೆದಿಡುವುದು, ಹಂಚುವುದು, ಮುಚ್ಚಿಡುವುದು

ದಿನಾಂಕ, ಜಾಗ, ಎತ್ತರ, ಬೆಳಕು, ನೀರು, ಮಣ್ಣು, ಕದಡಿಕೆ, ಗಿಡದ ಎತ್ತರ, ಹೂವಿನ ಬಣ್ಣ, ವಾಸನೆ, ಅಕ್ಕಪಕ್ಕ ಇದ್ದ ಮೂರು ನಾಲ್ಕು ಗಿಡಗಳು. ಇಷ್ಟಿದ್ದರೆ ಅದು ಒಳ್ಳೆಯ ದಾಖಲೆ. ಅಕ್ಕಪಕ್ಕದ ಗಿಡ ಯಾಕೆ ಅಂದರೆ, ಕೆಲವಕ್ಕೆ ನೆರೆಯೇ ನೆಲೆ. ಜಗತ್ತಿನ ಅತಿ ದೊಡ್ಡ ಬಿಡಿಹೂವು ಸುಮಾತ್ರ, ಬೋರ್ನಿಯೊ ಕಾಡುಗಳ ರಫ್ಲೇಸಿಯ ಅರ್ನಾಲ್ಡಿ. ಹೂವಿನ ಅಗಲ 1 ಮೀಟರ್ ತನಕ ಹೋಗುತ್ತದೆ. ಅದಕ್ಕೆ ಎಲೆಯೂ ಇಲ್ಲ, ಕಾಂಡವೂ ಇಲ್ಲ. ಟೆಟ್ರಸ್ಟಿಗ್ಮ ಎಂಬ ಬಳ್ಳಿಯ ಒಳಗೇ ಬದುಕುತ್ತದೆ. ಆ ಬಳ್ಳಿ ಇಲ್ಲದಿದ್ದರೆ ಅದೂ ಇಲ್ಲ. ಆರ್ಕಿಡ್‌ಗಳ ಧೂಳಿನಂಥ ಬೀಜ ಕಾಡಿನಲ್ಲಿ ಮೊಳೆಯಬೇಕಾದರೆ ತಕ್ಕ ಶಿಲೀಂಧ್ರ ಜೊತೆಗಿರಲೇಬೇಕು. ಅದಕ್ಕೇ ಕಾಡಿನಿಂದ ಕಿತ್ತು ತಂದ ಆರ್ಕಿಡ್ ಎಷ್ಟೋ ಸಲ ಮನೆಯಲ್ಲಿ ಸೊರಗಿ ಸಾಯುತ್ತದೆ. ದಯವಿಟ್ಟು ಕೀಳಬೇಡಿ.

ಅನುಮತಿ ಇದ್ದು, ಕಲಿಯಲೆಂದು ಮಾದರಿ ಒಣಗಿಸುವುದಾದರೆ 20 ಗಿಡ ಇದ್ದ ಕಡೆ ಒಂದಕ್ಕಿಂತ ಜಾಸ್ತಿ ಬೇಡ. ಅದೂ ಒಂದು ರೆಂಬೆ ಸಾಕು. ಹಳೆ ಪತ್ರಿಕೆಗಳ ನಡುವೆ ಹರಡಿ, ಒಂದು ಎಲೆಯನ್ನು ಮಗುಚಿ ಅಡಿ ಕಾಣುವ ಹಾಗೆ ಇಡಿ. ಮೇಲೆ ಭಾರ ಹೇರಿ. ಮೊದಲ ಕೆಲವು ದಿನ ಪ್ರತಿದಿನ ಕಾಗದ ಬದಲಾಯಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಬಣ್ಣ ಮತ್ತು ವಾಸನೆ ಒಣಗಿದ ಮೇಲೆ ಉಳಿಯುವುದಿಲ್ಲ, ಹಾಗಾಗಿ ಅವೆರಡನ್ನು ಅಲ್ಲೇ ಬರೆದಿಡಿ.

ಹಂಚುವಾಗ ಒಂದು ಎಚ್ಚರ. ಅಪರೂಪದ ಗಿಡದ ನಿಖರ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಇಂಗ್ಲೆಂಡಿನಲ್ಲಿ ಲೇಡೀಸ್ ಸ್ಲಿಪರ್ ಎಂಬ ಆರ್ಕಿಡ್ಡನ್ನು ಜನ ಕಿತ್ತು ಕಿತ್ತು, ಕಾಡಿನಲ್ಲಿ ಒಂದೇ ಒಂದು ಮೂಲ ಗಿಡ ಉಳಿಯಿತು. ಅದು ಇರುವ ಜಾಗವನ್ನು ಹತ್ತಾರು ವರ್ಷ ಗುಟ್ಟಾಗಿಟ್ಟು ಕಾವಲು ಕಾದರು. ಜನ ತಾವು ಕಂಡ ಗಿಡ, ಪ್ರಾಣಿಗಳ ಫೋಟೊ ಹಂಚುವ ಐನ್ಯಾಚುರಲಿಸ್ಟ್ ಥರದ ತಾಣಗಳು ಅಪಾಯದಲ್ಲಿರುವ ಜಾತಿಗಳ ಜಾಗವನ್ನು ತಾವೇ ಮಸುಕು ಮಾಡುತ್ತವೆ. ಆದರೂ ಫೋಟೊ ಹಾಕುವ ಮೊದಲು ನೀವೇ ಒಮ್ಮೆ ನೋಡಿಕೊಳ್ಳಿ. ಹಿನ್ನೆಲೆಯಲ್ಲಿ ಗುರುತು ಸಿಗುವ ಬಂಡೆಯೋ ಕಂಬವೋ ಇದ್ದರೂ ಸಾಕು, ಹುಡುಕುವವರಿಗೆ ದಾರಿ ಸಿಗುತ್ತದೆ.

ಹಂತ 9: ಅದೇ ಜಾಗಕ್ಕೆ ಮತ್ತೆ ಹೋಗುವುದು

ಒಂದು ಭೇಟಿಯಲ್ಲಿ ಗಿಡದ ಒಂದು ಮುಖ ಮಾತ್ರ ಕಾಣುತ್ತದೆ. ನಿಮಗೆ ಸುಲಭವಾಗಿ ಹೋಗಿಬರಲು ಆಗುವ ಒಂದು ಜಾಗ ಆರಿಸಿಕೊಳ್ಳಿ. 1 ಮೀಟರ್ ಉದ್ದ, 1 ಮೀಟರ್ ಅಗಲದ ಚೌಕ ಗುರುತು ಮಾಡಿ. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಸಾಕು. ತಿಂಗಳಿಗೊಮ್ಮೆ ಹೋಗಿ ಅದರೊಳಗೆ ಎಷ್ಟು ಜಾತಿ ಇವೆ, ಯಾವುದು ಮೊಳೆತಿದೆ, ಯಾವುದು ಹೂಬಿಟ್ಟಿದೆ, ಯಾವುದು ಕಾಯಿಕಟ್ಟಿದೆ ಅಂತ ಎಣಿಸಿ ಬರೆಯಿರಿ. ಪ್ರತಿ ಸಲ ಒಂದೇ ಕಡೆ ನಿಂತು, ಒಂದೇ ಎತ್ತರದಿಂದ ಒಂದು ಫೋಟೊ. ಹನ್ನೆರಡು ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿದ ದಿನ ನಿಮಗೆ ಆಗುವ ಖುಷಿಯನ್ನು ನಾನು ಮಾತಿನಲ್ಲಿ ಹೇಳಲಾರೆ.

ಕೆಲವು ತಿಂಗಳು ಗಿಡ ಕಾಣಿಸುವುದೇ ಇಲ್ಲ. ಬೆಂಕಿಯ ನಾಲಿಗೆಯಂಥ ಕೆಂಪು ಹಳದಿ ಎಸಳಿನ ಅಗ್ನಿಶಿಖೆ ಮಳೆ ಬಿದ್ದಾಗ ಎದ್ದು, ಎಲೆಯ ತುದಿಯಿಂದಲೇ ಪೊದೆ ಹಿಡಿದು ಹತ್ತುತ್ತದೆ. ಒಣಗಾಲ ಬಂತೆಂದರೆ ಮೇಲಿನದೆಲ್ಲ ಒಣಗಿ ಉದುರಿ, ನೆಲದಡಿಯ ಗಡ್ಡೆ ಮಾತ್ರ ಉಳಿಯುತ್ತದೆ. ಅಂಥ ತಿಂಗಳು ಹೋಗಿ ಬರಿ ಮಣ್ಣು ಕಂಡರೆ ಪುಟ ಖಾಲಿ ಬಿಡಬೇಡಿ. ದಿನಾಂಕ ಹಾಕಿ, "ಇವತ್ತು ಮೇಲೆ ಏನೂ ಇಲ್ಲ" ಅಂತ ಬರೆಯಿರಿ. ಅಗೆದು ನೋಡಬೇಡಿ. ಮೊದಲ ಮಳೆ ಬಿದ್ದು ಹತ್ತು ಹದಿನೈದು ದಿನಕ್ಕೆ ಮತ್ತೆ ಹೋಗಿ.